ಸಾಧಾರಣ ಸಂವತ್ಸರದ ಹೆಣ್ಣುಮಗು

ರೆಕಾರ್ಡ್ ರೂಮಿನಲ್ಲಿ ಫ್ಯಾನು ಹಾಕುವುದಿಲ್ಲ,
ಹಾಳೆ ಹಾರುತ್ತವೆ ಎಂದು.
ಅರ್ಧ ದಿನ ರಜೆ ಹಾಕಿ ಬಂದಿದ್ದೇನೆ.
ಬೆವರು ಕಾಗದಕ್ಕೆ ಬೀಳದಂತೆ
ಖಾಕಿ ತೋಳಿಗೆ ಹಣೆ ಒರೆಸಿಕೊಂಡು
ತಿರುವುತ್ತಿದ್ದೇನೆ ಸಾವಿರದ ಒಂಬೈನೂರ ಹತ್ತು.

ವಂಶಾವಳಿ ಬೇಕಂತೆ. ಲಾಲ್‌ಬಾಗಿನ ಹಿಂದೆ
ಹೂತೋಟವಿದ್ದ ಹನ್ನೊಂದು ಗುಂಟೆಗೆ
ಈಗ ಹದಿನೇಳು ವಾರಸುದಾರರು.
ಮುತ್ತಜ್ಜಿಯ ಹುಟ್ಟು ಸಿಕ್ಕರೆ
ಮಿಕ್ಕಿದ್ದು ತಾನಾಗಿ ಬರುತ್ತದೆ ಎಂದರು ವಕೀಲರು.

ಸುಲಭ ಅಂದುಕೊಂಡಿದ್ದೆ.
ಯಾರಿಗೂ ತಾರೀಖು ಗೊತ್ತಿಲ್ಲದ ಮನೆಯಲ್ಲಿ
ಚುಕ್ಕಮ್ಮ ಒಬ್ಬಳಿಗೆ ಆಕಾಶವೇ ಸಾಕ್ಷಿ:
"ನಾ ಹುಟ್ಟಿದ್ದು ಸಾಧಾರಣ ಸಂವತ್ಸರ ಕಣ್ಲಾ,
ಕರಗ ಆಗಿ ಹದಿಮೂರನೇ ದಿನ.
ಮೂಡ್ಲಾಗೆ ಪೊರಕೆಯಂಥ ಚುಕ್ಕಿ.
ಅವತ್ತೇ ಬಿಳೀ ದೊರೆ ಸತ್ತ ಸುದ್ದಿ ಬಂತು,
ದಂಡಿನ ಕಡೆ ಗುಂಡು ಹಾರಿಸವ್ರೆ,
ನಮ್ಮವ್ವ ಕೂಗಿದ್ದು ಅದ್ರಲ್ಲೇ ಮುಚ್ಕೊಂಡೋಯ್ತು."
ಕನಕಾಂಬರ ಕಟ್ಟುವಾಗ ಹೇಳುತ್ತಿದ್ದಳು,
ಮೊಳ ಅಳೆಯುವಾಗ ಹೇಳುತ್ತಿದ್ದಳು,
ಗಿರಾಕಿ ಚೌಕಾಸಿಗೆ ನಿಂತರೆ ಇನ್ನೂ ಜೋರು:
"ಚಕ್ರವರ್ತೀನ ನುಂಗ್ಕೊಂಡು ಹುಟ್ದೋಳು,
ಎಂಟಾಣೆಗೆ ಬಗ್ತೀನಾ?"

ಗುಮಾಸ್ತೆ ವೆಂಕೋಬರಾಯನ ಮಸಿ
ಈಗ ಚಹಾದ ಬಣ್ಣ.
ಆ ಮೇ ತಿಂಗಳಲ್ಲಿ ಚುಕ್ಕಿಯ ಮಾತಿಲ್ಲ, ದೊರೆಯ ಮಾತೂ ಇಲ್ಲ.
ದೊಡ್ಡಪೇಟೆ, ಗಂಡು, ತಂದೆ ಗಾಣಿಗರ ಸಿದ್ದಲಿಂಗ.
ಅರಳೇಪೇಟೆ, ಹೆಣ್ಣು, ತಂದೆ ದರ್ಜಿ ಅಬ್ದುಲ್ ಗನಿ.
ಕುಂಬಾರಗುಂಡಿ, ಅವಳಿ; ಒಂದರ ಎದುರು ಗೀಟು.
ಪಕ್ಕದ ದಪ್ಪ ಪುಸ್ತಕ ಸಾವಿನದು:
ಜ್ವರ, ಜ್ವರ, ಭೇದಿ, ಗಡ್ಡೆ ಬೇನೆ, ಜ್ವರ,
ಬಾವಿಗೆ ಬಿದ್ದು, ಮುಪ್ಪು, ಜ್ವರ.
ಊರೆಲ್ಲ ಕತ್ತೆತ್ತಿ ನಿಂತಿದ್ದ ತಿಂಗಳಲ್ಲಿ
ಒಬ್ಬ ಕತ್ತು ಬಗ್ಗಿಸಿ ಬರೆದಿದ್ದಾನೆ.

ಸಿಕ್ಕಳು. ಏಳನೇ ತಾರೀಖು, ಶನಿವಾರ.
ತಿಗಳರಪೇಟೆ. ತಂದೆ ಗುರುವಪ್ಪ, ಕಸುಬು ಹೂವು.
ಹೆಣ್ಣು. ಹೆಸರು ಇಟ್ಟಿಲ್ಲ.

ಅಲ್ಲಿಗೇ ಮುಚ್ಚಿಬಿಡಬೇಕಿತ್ತು.
ಟಿಕೆಟು ಹರಿದ ಮೇಲೂ ಚಿಲ್ಲರೆ ಎಣಿಸುವ ಚಾಳಿ ನನ್ನದು,
ಆ ಇನ್ನೊಂದನ್ನೂ ತೆರೆದೆ.

ಹದಿನಾರು, ಸೋಮವಾರ.
ಗುರುವಪ್ಪನ ಮಗು. ಹೆಣ್ಣು. ಒಂಬತ್ತು ದಿನ.
ಕಾರಣ: ಬಾಲಗ್ರಹ.

ಬಾಲದ ಚುಕ್ಕಿ ಇನ್ನೂ ಮೂಡಲಲ್ಲೇ ಇತ್ತು.
ಅದರ ಬಾಲ ಭೂಮಿಗೆ ಸವರುತ್ತದೆ, ವಿಷ ಸುರಿಯುತ್ತದೆ ಎಂದು
ಬಾಗಿಲಿಗೆ ಬೇವು ಕಟ್ಟಿ ಜನ ಕಾದದ್ದು
ಇನ್ನೂ ಎರಡು ದಿನ ಬಿಟ್ಟು.

ಹಾಗಾದರೆ ನನಗೆ ಹೂ ಕಟ್ಟಲು ಕಲಿಸಿದವಳು ಯಾರು?

ಮುಂದಿನ ವರ್ಷದ ದಫ್ತರು. ವಿರೋಧಿಕೃತ್:
ಹೆಸರು ಮಾತ್ರ ಜಗಳಗಂಟಿ,
ಆಕಾಶದಲ್ಲಿ ಆಷಾಢದ ಮೋಡ ಬಿಟ್ಟರೆ ಏನಿಲ್ಲ.
ಜುಲೈ ಹತ್ತೊಂಬತ್ತು, ಬುಧವಾರ.
ಗುರುವಪ್ಪ, ಹೂವು. ಹೆಣ್ಣು.
ಈ ಸಲ ಹೆಸರಿನ ಮನೆ ಖಾಲಿಯಿಲ್ಲ.
ಹುಟ್ಟುವ ಮೊದಲೇ ತಯಾರಿದ್ದ ಹೆಸರು: ಚುಕ್ಕಿ.

ಯಾರೂ ಸುಳ್ಳು ಹೇಳಿರಲಾರರು.
ಅದೇ ತೊಟ್ಟಿಲು, ಅದೇ ಕುಲಾವಿ.
ಆ ತಾಯಿ (ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ)
ಬಿಟ್ಟ ಎಳೆಗೇ ಗಂಟು ಹಾಕಿ
ಮುಂದೆ ಕಟ್ಟುತ್ತ ಹೋಗಿರಬೇಕು.
ದಾರ ತುಂಡಾದರೆ ನಾವು ಮಾಡುವುದೂ ಅಷ್ಟೇ;
ಗಂಟು ಹೂವಿನಡಿಗೆ ಹೋಗುತ್ತದೆ,
ಮುಡಿದವರಿಗೆ ತಿಳಿಯುವುದಿಲ್ಲ.

"ಯಾವ್ದು ಸಾರ್ ಕಾಪಿ?" ಎಂದಳು ಕೌಂಟರಿನ ಹುಡುಗಿ,
ಬೆರಳಿಗೆ ರಬ್ಬರ್ ಟೋಪಿ ಹಾಕಿಕೊಂಡವಳು.
"ಆಸ್ತಿಗಾದ್ರೆ ಕೊನೇದೊಂದೇ ಸಾಕು."
ಸಾಕು. ಒಂಬತ್ತು ದಿನದವಳಿಗೆ ಗುಂಟೆ ಬರುವುದಿಲ್ಲ.
ಮೂರಕ್ಕೂ ಕಾಸು ಕಟ್ಟಿದೆ.

ಮಧ್ಯಾಹ್ನದ ಪಾಳಿ. ಮಾರ್ಕೆಟ್ಟಿನಲ್ಲಿ
ಮಂಕರಿ ಹೊತ್ತವಳೊಬ್ಬಳು ಹತ್ತಿದಳು,
ಹೆಗಲ ಮೇಲೆ ನಿದ್ದೆಗಣ್ಣಿನ ಕೂಸು.
"ಎಷ್ಟು?" ಎಂದೆ.
"ಒಂದೇ."
ಹೆಂಗಸರಿಗೀಗ ದುಡ್ಡಿಲ್ಲ, ಆದರೂ ಚೀಟಿ ಕೊಡಬೇಕು,
ಲೆಕ್ಕಕ್ಕೆ ಬರೆಯಬೇಕು.
ಕೂಸಿನ ಮುಖ ಒಂದು ಸಲ ನೋಡಿ
ಒಂದು ಅಂತಲೇ ಬರೆದೆ.